ಅತ್ತೆಯ ಡೇರಿಯಲ್ಲಿ ಕರ್ನಲ್ ಕ್ರ್ಯಾಶ್

ಟಿ. ನರಸೀಪುರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಆಪರೇಟಿಂಗ್ ಸಿಸ್ಟಂ ಪಾಠ ಮಾಡುವ ಮೇಷ್ಟ್ರು ನಾನು. ಮನೆ ನಂಜನಗೂಡು. ದಿನಾ ಬಸ್ಸಿನಲ್ಲಿ ಹೋಗಿ, ಮೆಮೊರಿ ಸಾಲದಾದಾಗ ಕಂಪ್ಯೂಟರ್ ಯಾಕೆ ಕುಸಿದು ಬೀಳುತ್ತದೆ ಎಂಬುದನ್ನು ಬೋರ್ಡಿನ ತುಂಬ ಬಾಣ ಬಿಟ್ಟು ವಿವರಿಸಿ ಬರುತ್ತೇನೆ. ಆ ಪಾಠ ಮಾಡುವಾಗ ಹಿಂದಿನ ಬೆಂಚಿನವರು ಕೂಡ ಎಚ್ಚರವಾಗಿರುತ್ತಾರೆ ಎಂಬುದು ನನ್ನ ಹೆಮ್ಮೆ. ಆದರೆ ನಿಜವಾದ ಒಂದು ಕಂಪ್ಯೂಟರ್ ಹಾಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಕಪಿಲಾ ನದಿಯ ಮೆಟ್ಟಿಲ ಮೇಲೆ ಪಂಚೆ ಒದ್ದೆಯಾಗದಂತೆ ನಿಂತು ಈಜು ಕಲಿಸುವವನ ಹಾಗೆ ನನ್ನ ಸರ್ವೀಸು ಸುಖವಾಗಿ ಸಾಗಿತ್ತು.

ಅಂಥ ನನಗೆ ಒಂದು ಶನಿವಾರ ಅತ್ತೆಯ ಫೋನು ಬಂತು. ಅತ್ತೆ ಮಹದೇವಮ್ಮನವರು ಕವಲಂದೆ ದಾಟಿ ಒಳಗಿರುವ ಒಂದು ಹಳ್ಳಿಯವರು. ಅಲ್ಲಿನ ಹೆಂಗಸರ ಹಾಲಿನ ಸೊಸೈಟಿಗೆ ಅಧ್ಯಕ್ಷೆ. ಕೈಯಲ್ಲಿ ಹಾಲು ಅಳೆಯುತ್ತಿದ್ದ ಕಾಲದಲ್ಲಿ ದಿನ ಬೆಳಗಾದರೆ ನಡೆಯುತ್ತಿದ್ದ ಜಗಳ ನೋಡಿ ಸಾಕಾಗಿ, ಪಟ್ಟುಹಿಡಿದು ಹಾಲು ಅಳೆಯುವ ಯಂತ್ರ ತರಿಸಿದವರು.

"ಅಳಿಯಂದ್ರೇ, ನಮ್ ಡೇರಿ ಮಿಸನ್ನು ಜನ ಜಾಸ್ತಿ ಆದ್ರೆ ತಲೆ ತಿರುಗಿ ಬಿದ್ದೋಯ್ತದೆ ಕಣಿ. ಟಿವಿ ಎಲ್ಲಾ ಕಪ್ಪಾಗಿ ಬಿಳೀ ಅಕ್ಸರ ಬತ್ತವೆ. ಆರಿಸಿ ಆಕುದ್ರೆ ಸರಿ ಓಯ್ತದೆ ಅನ್ನಿ. ನೀವು ಇದ್ನೇ ಅಲ್ವಾ ಮಕ್ಕಳ್ಗೆ ಯೋಳ್ಕೊಡದು? ನಾಳೆ ಭಾನುವಾರ, ಮಂಜುಳನ್ನೂ ಕರ್ಕೊಂಡು ಬನ್ನಿ."

ಕಪ್ಪು ಪರದೆ! ಬಿಳಿ ಅಕ್ಷರ! ಜನ ಹೆಚ್ಚಾದಾಗ ಮಾತ್ರ! ಇದು ಮೆಮೊರಿ ಸಾಲದೆ, ಕಂಪ್ಯೂಟರನ್ನು ಒಳಗಿಂದ ನಡೆಸುವ ಕರ್ನಲ್ಲೇ ಕುಸಿಯುವ ಲಕ್ಷಣವಲ್ಲದೆ ಮತ್ತೇನು? ಇಷ್ಟು ವರ್ಷ ನಾನು ಬಿಟ್ಟ ಬಾಣಗಳಿಗೆ ಕೊನೆಗೂ ಒಂದು ಗುರಿ ಸಿಕ್ಕಿತ್ತು.

"ಅತ್ತೆ, ಅದೇನು ಮಹಾ ಬಿಡಿ! ನಾಳೆ ಸಂಜೆಯ ಹಾಲಿನ ಹೊತ್ತಿಗೆ ಸರಿಮಾಡಿ ಕೊಡುತ್ತೇನೆ" ಎಂದೆ.

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಮಂಜುಳ ಕತ್ತೆತ್ತಿ ನೋಡಿದಳು. "ರೀ, ಅದು ಇಡೀ ಊರಿನ ಹಾಲು. ನಮ್ಮನೆ ಮಿಕ್ಸಿ ಅಲ್ಲ."

ಆ ಮಿಕ್ಸಿಯ ವಿಷಯ ಇಲ್ಲಿ ಅಪ್ರಸ್ತುತ.

ಭಾನುವಾರ ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಒಬ್ಬಟ್ಟಿನ ಊಟ ಮುಗಿಸಿ, ಲ್ಯಾಪ್‌ಟಾಪಿನ ಕಪ್ಪು ಬ್ಯಾಗು ಹೆಗಲಿಗೇರಿಸಿ, ಆಪರೇಷನ್ನಿಗೆ ಹೊರಟ ಡಾಕ್ಟರ ಠೀವಿಯಲ್ಲಿ ಡೇರಿಗೆ ಹೋದೆ. ಒಂದೇ ಕೋಣೆ. ಒಂದು ಮೇಜಿನ ಮೇಲೆ ಯಂತ್ರದ ಪೆಟ್ಟಿಗೆ, ಪರದೆ, ಚೀಟಿ ಮುದ್ರಿಸುವ ಪ್ರಿಂಟರು. ಗೋಡೆಯ ಆಚೆ, ಬೀದಿಗೆ ಮುಖಮಾಡಿ ಒಂದು ಸ್ಪೀಕರು. ಹಾಲು ಸುರಿದರೆ ತೂಕ, ಜಿಡ್ಡಿನ ಅಂಶ ಎಲ್ಲವನ್ನೂ ಯಂತ್ರ ಅಳೆದು, ಸುರಿದವರ ಹೆಸರು ಹಿಡಿದು ಸ್ಪೀಕರಿನಲ್ಲಿ ಕೂಗುತ್ತದೆ. ಸೊಸೈಟಿಯ ಕಾರ್ಯದರ್ಶಿ ಭಾಗ್ಯ ಎಂಬ ಹೆಣ್ಣುಮಗಳು ನನಗೆ ಕುರ್ಚಿ ಒರೆಸಿ ಕೊಟ್ಟಳು. ಯಂತ್ರದೊಳಗೆ ಹೋಗುವ ಪಾಸ್‌ವರ್ಡು ಎಲ್ಲಿ ಎಂದು ಕೇಳಿದ್ದಕ್ಕೆ ಯಂತ್ರದ ಪಕ್ಕೆಯಲ್ಲೇ ಅಂಟಿಸಿದ್ದನ್ನು ತೋರಿಸಿದಳು.

"ಇದೆಲ್ಲ ನಿಮಗೆ ಅರ್ಥವಾಗುವಂತೆ ಹೇಳ್ತೀನಿ" ಎಂದು ನಾನು ಶುರುಮಾಡಿದೆ. ಯಾರೂ ಕೇಳಿರಲಿಲ್ಲ. "ಕರ್ನಲ್ ಅಂದರೆ ಊಟದ ಮನೆ ಯಜಮಾನ. ಮೆಮೊರಿ ಅಂದರೆ ಪಂಕ್ತಿಯಲ್ಲಿ ಎಲೆ ಹಾಕುವ ಜಾಗ. ಅಳೆಯೋ ಪ್ರೋಗ್ರಾಮು, ಕೂಗೋ ಪ್ರೋಗ್ರಾಮು, ಚೀಟಿ ಪ್ರೋಗ್ರಾಮು, ಎಲ್ಲರೂ ಉಣ್ಣೋಕೆ ಬಂದವರು. ಜಾಗ ಸಾಲದಾದರೆ ಯಜಮಾನ ಒಬ್ಬರನ್ನು ಎಬ್ಬಿಸಬೇಕು. ಎಬ್ಬಿಸೋಕೂ ಆಗದಿದ್ದರೆ ಯಜಮಾನನೇ ಮೂರ್ಛೆ ಹೋಗ್ತಾನೆ. ಅದೇ ಕ್ರ್ಯಾಶು."

"ಉಣ್ಣೋರ್ನ ಎಬ್ಬಿಸದಾ?" ಎಂದು ಭಾಗ್ಯ ಗಲ್ಲದ ಮೇಲೆ ಕೈಯಿಟ್ಟಳು. "ಅದ್ಯಾವ ಸೀಮೆ ಯಜಮಾನ ಸಾ!"

ಈ ಪ್ರಶ್ನೆಯನ್ನು ನಾನು ಲಘುವಾಗಿ ತೆಗೆದುಕೊಂಡೆ.

ಮೊದಲ ಕೆಲಸವಾಗಿ, ಪುಸ್ತಕದಲ್ಲಿ ಹೇಳಿರುವಂತೆ, ಕ್ರ್ಯಾಶ್ ಆದ ಕ್ಷಣದಲ್ಲಿ ಒಳಗೆ ಏನಾಯಿತು ಎಂದು ಬರೆದಿಡಲು ಮೆಮೊರಿಯಲ್ಲಿ ಸ್ವಲ್ಪ ಜಾಗ ಕಾಯ್ದಿರಿಸಿದೆ. ಪಾಸ್‌ವರ್ಡು ಕೇಳಿ ಯಂತ್ರ ಅಲ್ಲೇ ನಿಂತಿತು, ಮುಂದೆ ಶುರುವೇ ಆಗಲಿಲ್ಲ. ನೋಡಿದರೆ ಇದ್ದ ಮೆಮೊರಿಯಲ್ಲಿ ಅರ್ಧವನ್ನೇ ನಾನು ನುಂಗಿದ್ದೆ! ಕಳ್ಳ ಬರುವ ಮನೆಯ ಅರ್ಧಕ್ಕೆ ಪೊಲೀಸ್ ಠಾಣೆ ಕಟ್ಟಿಸಿದ ಹಾಗಾಗಿತ್ತು. ಹೇಗೋ ಒದ್ದಾಡಿ ಒಳಹೊಕ್ಕು ಠಾಣೆಯನ್ನು ಕಾಲು ಭಾಗಕ್ಕೆ ಇಳಿಸಿದೆ. ಪೂರ್ತಿ ಕೆಡವಲು ಮನಸ್ಸು ಬರಲಿಲ್ಲ. ಯಂತ್ರ ಶುರುವಾಯಿತು. ಮುಂದಿನ ಕೆಲಸ ಕ್ರ್ಯಾಶ್ ಮಾಡಿಸುವುದು. ಆದರೆ ಹಾಲು ಹಾಕುವವರೇ ಇಲ್ಲದ ಮಧ್ಯಾಹ್ನದಲ್ಲಿ ಯಂತ್ರ ತಣ್ಣಗೆ ಕೂತಿತ್ತು.

"ಅತ್ತೆ, ಜನ ಬೇಕು" ಎಂದೆ. "ಹಾಲು ಕರೆಯುವ ಹೊತ್ತಲ್ಲ, ಗೊತ್ತು. ಎಲ್ಲರಿಗೂ ಬಿಂದಿಗೆಯಲ್ಲಿ ನೀರು ತರೋಕೆ ಹೇಳಿ. ಯಂತ್ರಕ್ಕೆ ನೀರಾದರೇನು, ಹಾಲಾದರೇನು!"

ಡೇರಿ ಎಂಬ ಜಾಗಕ್ಕೆ ಹೆಂಗಸರು ಯಾವುದಾದರೂ ಒಂದನ್ನು ತರಬಾರದು ಎಂದಿದ್ದರೆ ಅದು ನೀರು. ಅಧ್ಯಕ್ಷೆಯಾಗಿ ಅತ್ತೆ ಹಗಲೂ ರಾತ್ರಿ ಹೋರಾಡಿದ್ದು ಅದರ ವಿರುದ್ಧವೇ. ಆದರೂ "ಅಳಿಯಂದ್ರು ಯೋಳ್ತಾವ್ರೆ" ಎನ್ನುತ್ತಾ ಬೀದಿಗೆ ಹೋದರು.

ಬಿಂದಿಗೆ ಹಿಡಿದು ಬಂದವರಲ್ಲಿ ಮುಂದಿದ್ದವರು ಚಿಕ್ಕತಾಯಮ್ಮ. ಬಾಯಿ ಜೋರು, ಹಸು ಮೂರು. "ಅಲ್ಲಾ ಮಾದೇವಕ್ಕ, ಓದ್ ತಿಂಗ್ಳು ನನ್ ಆಲು ತೆಳ್ಳಗದೆ ಅಂತ ಮೀಟಿಂಗ್ನಲ್ಲಿ ನನ್ ಮಾನ ಕಳ್ದೆ. ಈಗ ನೀನೇ ನೀರ್ ತಕ್ಕಂಬಾ ಅಂತೀಯಲ್ಲ!"

"ಸುಮ್ನೆ ಸುರೀಯವ್ವ. ಟೆಸ್ಟು ಅಂತೆ."

ಸುರಿದರು. ಒಬ್ಬರಾದ ಮೇಲೆ ಒಬ್ಬರು ಸುರಿದರು. ಯಂತ್ರ ಬೀಳಲಿಲ್ಲ! ಅಷ್ಟು ಚೆನ್ನಾಗಿ ಅದು ತನ್ನ ಜನ್ಮದಲ್ಲಿ ಕೆಲಸ ಮಾಡಿರಲಿಲ್ಲವಂತೆ. ಸ್ಪೀಕರು ಸ್ವಚ್ಛ ಕನ್ನಡದಲ್ಲಿ ಬೀದಿಗೆಲ್ಲ ಕೇಳುವಂತೆ ಸಾರಿತು: "ಚಿಕ್ಕತಾಯಮ್ಮನವರೇ, ನಮಸ್ಕಾರ. ನಿಮ್ಮ ಹಾಲಿನಲ್ಲಿ ಜಿಡ್ಡಿನ ಅಂಶ ಸೊನ್ನೆ. ದಯವಿಟ್ಟು ಹಾಲಿಗೆ ನೀರು ಬೆರೆಸಬೇಡಿ. ಧನ್ಯವಾದಗಳು."

"ಅಯ್ಯಯ್ಯೋ! ಬೀದೀಲಿ ಕೂಗ್ತಾ ಅದಲ್ಲಪ್ಪೋ! ಬಾಯ್ ಮುಚ್ಸಿ ಅದ್ರದ್ದು!" ಎಂದು ಚಿಕ್ಕತಾಯಮ್ಮ ಎದೆ ಹಿಡಿದುಕೊಂಡರು. ಬಾಯಿ ಮುಚ್ಚಿಸುವ ಗುಂಡಿಯನ್ನು ನಾನು ಹುಡುಕುತ್ತಿರುವಾಗಲೇ ಅದು ಸಾಲಿನಲ್ಲಿದ್ದ ಪ್ರತಿಯೊಬ್ಬರ ಮಾನವನ್ನೂ ಹೆಸರು ಹಿಡಿದು, ನಮಸ್ಕಾರ ಸಹಿತ ತೆಗೆಯಿತು.

ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಯಂತ್ರ ಪ್ರತಿ ಸಲ ಅಳೆದಾಗಲೂ ಮೊಬೈಲಿಗೆ ಮೆಸೇಜು ಕಳಿಸುತ್ತದೆ ಎಂಬ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಹೆಂಗಸರ ಹೆಸರಿಗೆ ಕೊಟ್ಟಿರುವ ನಂಬರುಗಳೆಲ್ಲ ಗಂಡಂದಿರವು ಎಂಬುದಂತೂ ನನ್ನ ಸಿಲೆಬಸ್ಸಿನಲ್ಲಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹೊಲದಿಂದ, ಅರಳಿಕಟ್ಟೆಯಿಂದ, ಕಟಿಂಗ್ ಶಾಪಿನಿಂದ ಗಂಡಸರು ಟವೆಲ್ ಕೊಡವಿಕೊಂಡು ಬಂದರು. ಒಬ್ಬನ ಮುಖದ ಅರ್ಧಕ್ಕೆ ಇನ್ನೂ ಸೋಪಿತ್ತು.

"ಲೇ, ಈವತ್ತು ಏನಮ್ಮಿ ಸುರ್ದೆ ನೀನು? ಫ್ಯಾಟು ಸೊನ್ನೆ ಅಂತ ಬಂದದೆ!"

"ನೀರು ಸುರ್ದೆ!"

"ಅದ್ನ ಬಾಯ್ಬುಟ್ಟು ಬೇರೆ ಯೋಳ್ತೀಯಾ!"

ಅತ್ತೆ ಅಧ್ಯಕ್ಷೆಯ ಸ್ಥಾನದಿಂದ ಒಬ್ಬೊಬ್ಬರಿಗೂ ಸಮಾಧಾನ ಹೇಳಿ ಕಳಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ನನ್ನ ಕಡೆಗೆ ಯಾರೂ ಒಂದು ಮಾತು ಆಡಲಿಲ್ಲ. ನಮ್ಮ ಕಡೆ ಊರಿನ ಅಳಿಯನಿಗೆ 'ನಿನ್ನ ಕೈಲಾಗಲ್ಲ, ಏಳು' ಎಂದು ಹೇಳುವ ಪದ್ಧತಿಯೇ ಇಲ್ಲ. ಬದಲಿಗೆ ಮಜ್ಜಿಗೆ ತಂದುಕೊಡುತ್ತಾರೆ. ಅಲ್ಲಿಯವರೆಗೆ ನನಗೆ ಮೂರು ಲೋಟ ಮಜ್ಜಿಗೆ ಬಂದಿತ್ತು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಸಂಜೆಯ ಹಾಲು ಶುರುವಾಯಿತು. ಸಾಲು ಬಾಗಿಲು ದಾಟಿ ಬೀದಿಯ ತಿರುವಿನವರೆಗೂ ಬೆಳೆಯಿತು. ಮಂಜುಳ ನನ್ನ ಹಿಂದೆ ಬಂದು ನಿಂತು, "ರೀ, ಹಾಲಿನ ಲಾರಿ ಬರೋದ್ರೊಳಗೆ ಎಲ್ಲ ಅಳೆದು ಮುಗೀಬೇಕಂತೆ. ಈ ಸೆಕೆಗೆ ಹಾಲು ಬೆಳಗಿನತನಕ ನಿಲ್ಲಲ್ಲ. ಸಾಕು ಮಾಡಿ, ಅದರ ಪಾಡಿಗೆ ಬಿಡಿ" ಎಂದಳು. ಬಿಡುವುದೇ? ಕ್ರ್ಯಾಶು ಬರುವ ಶುಭಮುಹೂರ್ತವೇ ಇದು!

ಬಂತು. ಸಾಲು ಕಾಲುಭಾಗ ಸರಿಯುವಷ್ಟರಲ್ಲಿ ಮೆಮೊರಿ ಮುಗಿಯಿತು. ಕರ್ನಲ್ ತನ್ನ ಕೆಲಸ ತಾನು ಮಾಡಿತು. ಪಂಕ್ತಿಯಲ್ಲಿ ಎಲ್ಲರಿಗಿಂತ ದೊಡ್ಡ ಎಲೆ ಹಾಸಿಕೊಂಡಿದ್ದವನನ್ನು ಎಬ್ಬಿಸಿತು. ದುರದೃಷ್ಟಕ್ಕೆ ಅವನು ಹಾಲು ಅಳೆಯುವ ಪ್ರೋಗ್ರಾಮು. ತಕ್ಕಡಿ ನಿಂತುಹೋಯಿತು.

"ಇಷ್ಟೇ ತಾನೆ!" ಎಂದು ನಾನು ಚಿಟಿಕೆ ಹೊಡೆದೆ. ಇಂಥವನನ್ನು ಯಾವ ಕಾರಣಕ್ಕೂ ಎಬ್ಬಿಸಕೂಡದು ಎಂದು ಕರ್ನಲ್‌ಗೆ ಆಜ್ಞೆ ಮಾಡುವ ಒಂದು ಸೌಲಭ್ಯವುಂಟು. ಅಳೆಯುವ ಪ್ರೋಗ್ರಾಮಿಗೆ ಆ ಅಭಯ ಕೊಟ್ಟೆ. ಯಂತ್ರವನ್ನು ಎಷ್ಟು ಸಲ ಶುರುಮಾಡಿದರೂ ಇದು ಜಾರಿಯಲ್ಲಿರಲಿ ಎಂದು ಶಾಶ್ವತವಾಗಿಯೇ ಬರೆದೆ. ಸಾಲು ಮತ್ತೆ ಸರಿಯಿತು.

ಈಗ ಕರ್ನಲ್ ಪ್ರಿಂಟರಿನ ಪ್ರೋಗ್ರಾಮನ್ನು ಎಬ್ಬಿಸಿತು. "ಚೀಟಿ ಇಲ್ದೆ ಕ್ಯಾನು ಖಾಲಿ ಮಾಡದಾ? ನಾನಂತೂ ಸುರಿಯಾಕಿಲ್ಲ" ಎಂದು ಮುಂದಿದ್ದವರು ಹಟ ಹಿಡಿದರು. ಅವನಿಗೂ ಅಭಯ ಕೊಟ್ಟೆ. ಆಮೇಲೆ ಪರದೆ ಹೋಯಿತು. ಫ್ಯಾಟು ಎಷ್ಟೆಂದು ಕಣ್ಣಲ್ಲಿ ನೋಡಬೇಡವೇ? ಅಭಯ. ಆಮೇಲೆ ಸ್ಪೀಕರು ಮೂಕವಾಯಿತು. ಮಧ್ಯಾಹ್ನ ಅದರ ಬಾಯಿ ಮುಚ್ಚಿಸಿ ಎಂದು ಎದೆ ಹಿಡಿದುಕೊಂಡಿದ್ದ ಚಿಕ್ಕತಾಯಮ್ಮನೇ ಈಗ ಸೊಂಟದ ಮೇಲೆ ಕೈಯಿಟ್ಟರು. "ಮದ್ಯಾನ ನಂದು ನೀರು ಅಂತ ಊರ್ಗೇ ಕೂಗ್ತಲ್ಲ, ಈಗ ಆಲು ಅಂತ್ಲೂ ಊರ್ಗೇ ಕೂಗ್ಲಿ. ಅಲ್ಲೀಗಂಟ ನಾನು ಇಲ್ಲಿಂದ ಅಲ್ಲಾಡಾಕಿಲ್ಲ!"

ನ್ಯಾಯವಾದ ಮಾತು. ಕೂಗುವವನಿಗೂ ಅಭಯ ಕೊಟ್ಟೆ.

ಪಂಕ್ತಿಯಲ್ಲಿ ಈಗ ಕೂತವರೆಲ್ಲ ಅಭಯ ಪಡೆದವರೇ. ಯಾರನ್ನೂ ಎಬ್ಬಿಸುವಂತಿಲ್ಲ. ಮೆಮೊರಿ ಮತ್ತೆ ಮುಗಿಯಿತು. ಕರ್ನಲ್ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿರಬೇಕು, ಪಾಪ. ಪರದೆ ಕಪ್ಪಾಯಿತು. ಬಿಳಿ ಅಕ್ಷರ ಬಂತು. ಕೊಲ್ಲಲು ಯಾರೂ ಉಳಿದಿಲ್ಲ ಎಂಬ ಅರ್ಥದ ಒಂದು ಸಾಲು ಬರೆದು ಯಂತ್ರ ಪ್ರಾಣ ಬಿಟ್ಟಿತು. ಬೋರ್ಡಿನ ಮೇಲೆ ನಾನು ಇಷ್ಟು ವರ್ಷ ಬಿಡಿಸಿದ ಚಿತ್ರ ಅಕ್ಷರಶಃ ನನ್ನ ಮೂಗಿನ ಮುಂದೆ ಇತ್ತು! ಒಂದು ಕ್ಷಣ ನನಗೆ ಸಂತೋಷವೇ ಆಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ಆರಿಸಿ ಆಕಿ ಸಾ, ಯಾವಾಗ್ಲೂ ನಾವು ಅಂಗೇ ಮಾಡದು" ಎಂದಳು ಭಾಗ್ಯ.

ಆರಿಸಿ ಹಾಕಿದೆ. ಯಂತ್ರ ಕಣ್ಣು ಬಿಟ್ಟಿತು. ಅಭಯ ಪಡೆದವರೆಲ್ಲ ಒಟ್ಟಿಗೇ ಒಳನುಗ್ಗಿ, ಅರ್ಧ ಅಳೆದ ಲೆಕ್ಕವನ್ನೆಲ್ಲ ಹರವಿಕೊಂಡು ಎಲೆ ಹಾಸಿ ಕೂತರು. ಜೊತೆಗೆ ಕಾಲುಭಾಗ ಜಾಗದಲ್ಲಿ ನನ್ನ ಪೊಲೀಸ್ ಠಾಣೆ. ಯಂತ್ರ ಕಣ್ಣು ಮುಚ್ಚಿತು. ಮತ್ತೆ ಆರಿಸಿ ಹಾಕಿದೆ. ಕಣ್ಣು ಬಿಟ್ಟಿತು, ಮುಚ್ಚಿತು. ಪಾಸ್‌ವರ್ಡು ಹೊಡೆಯುವಷ್ಟು ಹೊತ್ತು ಕೂಡ ಅದು ಬದುಕುತ್ತಿರಲಿಲ್ಲ. ಮೊದಲು ಎಂದೋ ಒಂದು ಸಲ ಬೀಳುತ್ತಿದ್ದ ಯಂತ್ರ ನನ್ನ ರಿಪೇರಿಯ ನಂತರ ಬೀಳುವುದನ್ನೇ ವೃತ್ತಿ ಮಾಡಿಕೊಂಡಿತ್ತು.

ಆಗ ನನಗೆ ನಿಜವಾದ ಕಾರಣ ಹೊಳೆಯಿತು. ಕೂಗುವ ಪ್ರೋಗ್ರಾಮು ಪ್ರತಿ ಹೆಸರಿಗೂ ಹೊಸ ಎಲೆ ಹಾಕಿಸಿಕೊಂಡು, ಉಂಡ ಎಲೆ ಎತ್ತದೆ ಹಾಗೇ ಬಿಡುತ್ತಿತ್ತು. ಸಾಲು ಉದ್ದವಾದಷ್ಟೂ ಎಂಜಲೆಲೆ ಹೆಚ್ಚು. ಎಬ್ಬಿಸಬೇಕಾಗಿದ್ದವನು ಅವನೊಬ್ಬನೇ. ನಾನು ಅವನಿಗೇ ಶಾಶ್ವತ ಅಭಯ ಕೊಟ್ಟು ಕೂರಿಸಿದ್ದೆ! ರೋಗ ಗೊತ್ತಾಯಿತು, ರೋಗಿ ಬಾಯಿ ಬಿಡುತ್ತಿಲ್ಲ. ತಲೆ ಗೋಡೆಗೆ ಚಚ್ಚಿಕೊಳ್ಳೋಣ ಎನಿಸಿತು. ಗೋಡೆಗೆ ಒರಗಿ ಹೆಂಗಸರು ನಿಂತಿದ್ದರು.

ಮಂಜುಳ ಬಗ್ಗಿ ಕೇಳಿದಳು. "ಮೊದಲು ಹೇಗಿತ್ತೋ ಹಾಗೆ ಇಟ್ಟುಬಿಡೋಕಾಗಲ್ವಾ? ನೀವೇ ಹುಡುಗರಿಗೆ ಹೇಳ್ತೀರಲ್ಲ, ಮುಟ್ಟೋ ಮೊದಲು ಒಂದು ಕಾಪಿ ಇಟ್ಕೊಳ್ಳಿ ಅಂತ."

"ಇಟ್ಟಿದ್ದೀನಿ."

"ಎಲ್ಲಿ?"

"ಅದರೊಳಗೇ."

ಅವಳು ಯಂತ್ರವನ್ನು ನೋಡಿದಳು. ನನ್ನನ್ನು ನೋಡಿದಳು. ಇದನ್ನೆಲ್ಲ ಬರೆದಿಟ್ಟುಕೊಂಡಿರುವ ಯಂತ್ರದ ಕಾರ್ಡನ್ನು ಹೊರತೆಗೆದು ಲ್ಯಾಪ್‌ಟಾಪಿಗೆ ಓದಿಸಲು ಒಂದು ಪುಟ್ಟ ಸಾಧನವಿದೆ, ಅದು ಸಿಕ್ಕಿದರೆ ಕ್ಷಣದಲ್ಲಿ ಎಲ್ಲ ಸರಿ ಮಾಡುತ್ತೇನೆ ಎಂದೆ. ಅದು ಎಲ್ಲಿದೆ ಎಂದು ಅವಳು ಕೇಳಲಿಲ್ಲ. ಅದು ನಂಜನಗೂಡಿನಲ್ಲಿತ್ತು.

ಲಾರಿಯ ಹಾರನ್ ಕೇಳಿಸಿತು.

ಭಾಗ್ಯ ಓಡಿಹೋಗಿ ಡ್ರೈವರನ್ನು ಸ್ವಲ್ಪ ತಡೆಯಲು ಬೇಡಿಕೊಂಡಳು. ಅಳೆಯದೆ ಸುರಿಸಿಕೊಳ್ಳೋಣವೆಂದರೆ ಯಾರ ಹಾಲು ಎಷ್ಟು, ಯಾರದು ಗಟ್ಟಿ, ಯಾರದು ತೆಳು ಎಂದು ಹೇಳುವವರು ಯಾರು? ಹಳೆಯ ಜಗಳ ಅಲ್ಲೇ ಬಾಗಿಲಲ್ಲಿ ಕಾದು ನಿಂತಿತ್ತು. ಅತ್ತೆ ನನ್ನ ಪಕ್ಕ ಬಂದು, ಯಾರಿಗೂ ಕೇಳದ ಹಾಗೆ, "ಏನಾರ ಆಯ್ತದಾ ಅಳಿಯಂದ್ರೇ?" ಎಂದರು. ಅವರ ದನಿಯಲ್ಲಿ ಬೈಗುಳವಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ನಾನು ಇಲ್ಲವೆಂದು ತಲೆಯಾಡಿಸಿದೆ.

ಡ್ರೈವರು ಕಾದ. ಮತ್ತೆ ಹಾರನ್ ಮಾಡಿದ. ಮುಂದಿನ ಊರುಗಳ ಹಾಲೂ ಕಾಯುತ್ತಿದೆ ಎಂದು ಕೂಗಿ ಹೇಳಿ ಲಾರಿ ತಿರುಗಿಸಿಕೊಂಡು ಹೋದ. ಅದರ ಖಾಲಿ ಕ್ಯಾನುಗಳ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಸಾಲು ಹಾಗೆಯೇ ನಿಂತಿತ್ತು. ಇಡೀ ಊರಿನ ಸಂಜೆಯ ಹಾಲು ಕೈಯಲ್ಲಿ. ಚಿಕ್ಕತಾಯಮ್ಮ ಬಾಯಿ ತೆರೆದರು. ನಾನು ತಲೆ ತಗ್ಗಿಸಿ ಸಿದ್ಧನಾದೆ. ಆದರೆ ಅವರು ಮಾತು ಶುರುಮಾಡುವ ಮೊದಲೇ ಅತ್ತೆ ಮೇಜಿನ ಮುಂದೆ ಬಂದು ನಿಂತರು.

"ತಪ್ಪು ನಂದು ಕಣ್ರವ್ವ. ಅಧ್ಯಕ್ಷೆ ನಾನು. ಏನ್ ಅನ್ನದು ಇದ್ರೂ ನನ್ಗನ್ನಿ. ಎಲ್ಲಾ ಮನೆಗೆ ತಕ್ಕೊಂಡೋಗಿ ಕಾಯ್ಸಿ ಎಪ್ಪು ಆಕ್ಕಳಿ. ಬೇಡಾದ್ದು ಉಳುದ್ರೆ ನಮ್ಮನೆಗೆ ಕೊಡಿ." ಆಮೇಲೆ ನನ್ನ ಕಡೆ ತಿರುಗಿ, ಮದುವೆಯಾದಂದಿನಿಂದ ಎಂದೂ ಹೇಳದ ಒಂದು ಮಾತು ಹೇಳಿದರು. "ಏಳಿ ಅಳಿಯಂದ್ರೇ."

ಎದ್ದೆ. ಚಿಕ್ಕತಾಯಮ್ಮ ಕ್ಯಾನು ಎತ್ತಿಕೊಂಡು, "ಬುಡಿ ಸಾ, ಈ ಮಿಸನ್ನೇ ಸರಿ ಇಲ್ಲ" ಎಂದು ಹೋದರು. ಅಂದು ಸಂಜೆ ನನ್ನನ್ನು ನಿಜವಾಗಿ ಮಣ್ಣುಪಾಲು ಮಾಡಿದ್ದು ಆ ಸಮಾಧಾನದ ಮಾತು.

ಮನೆಗೆ ಹೋದರೆ ಅಂಗಳದಲ್ಲಿ ಊರವರು ಬಿಟ್ಟುಹೋದ ಹಾಲು. ಬಾಣಲೆ, ಕೊಳಗ, ಸಿಕ್ಕಿದ ಪಾತ್ರೆಯೆಲ್ಲ ಒಲೆಯ ಮೇಲೇರಿತು. ನನ್ನನ್ನು ನಡುಮನೆಯಲ್ಲಿ ಎಲೆ ಹಾಕಿ ಕೂರಿಸಿದರು. ಎಲೆಯ ತುದಿಗೆ ಪಾಯಸ. ಒಳಗೆ ಅಡುಗೆಮನೆಯಲ್ಲಿ ಮಂಜುಳ ಅತ್ತೆಯನ್ನು ಕೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

"ಅಲ್ಲ ಕಣವ್ವ, ಮಿಷನ್ ಕಂಪ್ನಿಯೋರೇ ನಾಳೆ ಬಂದು ನೋಡ್ತೀವಿ ಅಂತ ಮೊದಲೇ ಹೇಳಿದ್ರಂತೆ, ಭಾಗ್ಯ ಹೇಳಿದ್ಲು. ಮತ್ಯಾಕೆ ಇವರನ್ನ ಕರೆದೆ?"

"ಅಯ್ಯೋ ಮಿಸನ್ಗಾ ಕರುದ್ದು? ನಿನ್ ಮಕ ನೋಡಿ ಯೇಸ್ ದಿನ ಆಗಿತ್ತು. ಬಾ ಅಂದಾಗ್ಲೆಲ್ಲ, ಅವ್ರಿಗೆ ಕಾಲೇಜು, ಅವ್ರಿಗೆ ಪೇಪರ್ರು ಅಂತಿದ್ದೆ. ಕಂಪೂಟ್ರು ಅಂದ್ರೆ ಅವ್ರಾಗೇ ಕರ್ಕೊಂಡು ಬತ್ತಾರೆ ಅಂತ ಒಂದ್ ಮಾತು ಅಂದೆ. ಊಟ ಮಾಡಿ ಸುಮ್ನೆ ಮನಿಕತ್ತಾರೆ ಅನ್ಕಂಡಿದ್ದೆ ಕಣವ್ವ. ಬ್ಯಾಗ್ ಏರಿಸ್ಕೊಂಡು ಒಂಟೇಬುಟ್ರು! ಬ್ಯಾಡಿ ಅನ್ನಕ್ಕೆ ಬಾಯಿ ಬರ್ನಿಲ್ಲ."

ನಾನು ಪಾಯಸ ನೋಡುತ್ತಾ ಕೂತೆ. ನನ್ನನ್ನು ಕರೆದದ್ದು ಕರ್ನಲ್ ತಜ್ಞನೆಂದಲ್ಲ. ಮಗಳನ್ನು ಮನೆಯ ಬಾಗಿಲಿಗೆ ತಂದುಬಿಡುವ ಡ್ರೈವರೆಂದು! ಆ ಒಂದು ಕೆಲಸವನ್ನು ನಾನು ಬೆಳಗ್ಗೆಯೇ ಯಾವ ತಪ್ಪೂ ಇಲ್ಲದೆ ಮುಗಿಸಿದ್ದೆ. ಊಟ ಮಾಡಿ ಮಲಗಿದ್ದರೆ ಸಾಕಾಗಿತ್ತು.

ಅತ್ತೆ ಹೊರಬಂದು, ಏನೂ ಆಗಿಲ್ಲವೆಂಬಂತೆ, "ಇನ್ನೊಂಚೂರು ಆಕಸ್ಕಳಿ ಅಳಿಯಂದ್ರೇ, ಆಲು ಬೇಕಾದಂಗದೆ" ಎಂದು ಸೌಟು ಬಗ್ಗಿಸಿದರು. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ.